ನಲವತ್ತೆಂಟು ವೋಲ್ಟಿನ ದನಿ

ಅವಳನ್ನು ಅತ್ತಿಗೆ ಎಂದು ಕರೆಯುವ ಹಕ್ಕು ನ್ಯಾಯವಾಗಿ ಇದ್ದದ್ದು ಒಬ್ಬನಿಗೇ, ಗಂಡನ ತಮ್ಮನಿಗೆ. ಆದರೆ ಆ ಮೈದುನ ಮಹಾಶಯ ಮೊದಲ ಕಾರ್ಯಕ್ರಮದಲ್ಲೇ ಮೈಕು ಹಿಡಿದು, "ಈಗ ನಮ್ಮ ಅತ್ತಿಗೆ ಹಾಡ್ತಾರೆ" ಎಂದು ಸಾರಿಬಿಟ್ಟ. ಅಂದಿನಿಂದ ಗಾಜಿನ ಕಾರ್ಖಾನೆಯ ನೌಕರರ ಕ್ಲಬ್ಬಿನಲ್ಲಿ ಅವಳು ಎಲ್ಲರಿಗೂ ಅತ್ತಿಗೆಯೇ. ಹಲ್ಲು ಕಟ್ಟಿಸಿಕೊಂಡ ಮುದುಕರು ಕೂಡ ಬಾಗಿಲಲ್ಲಿ ನಿಲ್ಲಿಸಿ, "ಅತ್ತಿಗೆ, ಇವತ್ತು ಆ ನಿಧಾನದ್ದು ಇದೆಯಾ?" ಎಂದು ಕೇಳುತ್ತಿದ್ದರು.

ಹಗಲು ಹೊತ್ತು ಅವಳ ಕೆಲಸ ಕನ್ನಡಕದ ಅಂಗಡಿಯ ಹಿಂಬದಿಯ ಕೋಣೆಯಲ್ಲಿ. ಅಲ್ಲಿ ನೀರು ತೊಟ್ಟಿಕ್ಕುತ್ತ ತಿರುಗುವ ಉಜ್ಜುಕಲ್ಲು, ಒಂದು ಟ್ಯೂಬ್‌ಲೈಟು, ಬೆನ್ನಿಲ್ಲದ ಸ್ಟೂಲು. ದುಂಡನೆಯ ಮಸೂರವನ್ನು ಫ್ರೇಮಿನ ಆಕಾರಕ್ಕೆ ಉಜ್ಜಿ ಇಳಿಸಬೇಕು. ಕಣ್ಣಿನ ಪಾಪೆ ಎಲ್ಲಿ ಬರುತ್ತದೋ ಮಸೂರದ ನಡು ಅಲ್ಲೇ ಕೂರಬೇಕು. ಕೂದಲೆಳೆ ತಪ್ಪಿದರೂ ಹಾಕಿಕೊಂಡವರಿಗೆ ತಲೆ ಸುತ್ತು. ಅಂಚು ಕಲ್ಲಿಗೆ ತಾಗುವ ಸದ್ದಿನಲ್ಲೇ ಒತ್ತಡ ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ಅವಳಿಗೆ ತಿಳಿಯುತ್ತಿತ್ತು. ಕೆಲಸ ಮುಗಿದ ಮೇಲೆ ಮಸೂರವನ್ನು ಕಿಟಕಿಯ ಸರಳಿನ ಎದುರು ಹಿಡಿದು ಆಡಿಸಿ ನೋಡುವಳು. ಸರಳು ಎಲ್ಲಿಯಾದರೂ ಬಳುಕಿದರೆ ಮಾಲೀಕ ಏನೇ ಹೇಳಲಿ, ಆ ಗಾಜು ಬುಟ್ಟಿಗೆ.

"ಗಿರಾಕಿಗೆ ಗೊತ್ತಾಗಲ್ಲ ಬಿಡಮ್ಮ" ಎಂದು ಮಾಲೀಕ ಗೊಣಗಿದರೆ ಅವಳದು ಒಂದೇ ಉತ್ತರ. "ಅವರಿಗೆ ಗೊತ್ತಾಗದೆ ಇರೋದಕ್ಕೇ ಅಲ್ವಾ ಕನ್ನಡಕ ಬೇಕಾಗಿರೋದು?"

ಸಂಜೆಯ ಹೊತ್ತು ವಾದ್ಯಗೋಷ್ಠಿ. ಅದನ್ನು ಕಟ್ಟಿದವರು ಮಾವ. ಅವರು ಹೋದ ಮೇಲೆ ಯಜಮಾನಿಕೆ ಮೈದುನನ ಪಾಲಿಗೆ ಬಂತು. ಅವನದು ಕೀಬೋರ್ಡು. ಅವಳ ಗಂಡನದು ಡ್ರಮ್ಮು. ಗಿಟಾರು, ಹಾಡು ಎರಡೂ ಅವಳದು. ಮೂವರೇ, ಒಂದೇ ಮನೆಯವರು. ಆದ್ದರಿಂದ ಜಗಳಕ್ಕೆ ಹೊರಗಿನವರ ಅಗತ್ಯ ಬೀಳುತ್ತಿರಲಿಲ್ಲ.

ಮೈದುನನಿಗೆ ಟೈರಿನ ಅಂಗಡಿ. ಜನ ಅವನನ್ನು ಟೇಪಣ್ಣ ಎನ್ನುತ್ತಿದ್ದರು. ಯಾವುದು ಅಲುಗಾಡಿದರೂ ಅವನು ಅದಕ್ಕೆ ಕಪ್ಪು ಟೇಪು ಸುತ್ತುವನು; ಅಲುಗಾಡದಿದ್ದರೆ, ಮುಂದೆ ಅಲುಗಾಡೀತೆಂದು ಸುತ್ತುವನು. ಗೋಷ್ಠಿಯ ಆಂಪ್ಲಿಫಯರೂ ಅವನ ಕೈಯಿಂದ ತಪ್ಪಿಸಿಕೊಂಡಿರಲಿಲ್ಲ. ಮೊಣಕಾಲೆತ್ತರದ ಮರದ ಪೆಟ್ಟಿಗೆ ಅದು. ತಂತಿವಾದ್ಯಕ್ಕೆಂದೇ ಮಾಡಿದ್ದು. ಒಂದು ದಾರಿಯಲ್ಲಿ ಗಿಟಾರು, ಇನ್ನೊಂದು ದಾರಿಯಲ್ಲಿ ಮೈಕು. ಎರಡಕ್ಕೂ ಬೇರೆ ಬೇರೆ ಸದ್ದಿನ ಗುಂಡಿ, ಬೇರೆ ಬೇರೆ ಎಫೆಕ್ಟಿನ ಗುಂಡಿ. ರಿವರ್ಬ್ ತಿರುಗಿಸಿದರೆ ದನಿ ದೊಡ್ಡ ಹಜಾರದಲ್ಲಿ ನಿಂತು ಹಾಡಿದಂತೆ ಬೆಳೆಯುತ್ತದೆ. ಕೋರಸ್ ಹಾಕಿದರೆ ಒಬ್ಬರು ಇಬ್ಬರಾಗುತ್ತಾರೆ. ಡಿಲೇ ಹಾಕಿದರೆ ಹೇಳಿದ್ದು ಬಾಲದಂತೆ ಹಿಂದೆ ಹಿಂದೆ ಬರುತ್ತದೆ. ಯಾವ ಗುಂಡಿ ಎಲ್ಲಿ ನಿಲ್ಲಬೇಕೆಂದು ಮೈದುನ ತೀರ್ಮಾನಿಸಿ, ಪ್ರತಿಯೊಂದರ ಮೇಲೂ ಟೇಪು ಅಂಟಿಸಿದ್ದ. ಬೇರೆಯವರು ಮುಟ್ಟಿದರೆ, "ಅದು ಅಪ್ಪನ ಕಾಲದ ಲೆವೆಲ್ಲು" ಎನ್ನುವನು. ಆ ಪೆಟ್ಟಿಗೆ ಕೊಂಡದ್ದು ಮಾವನ ಕೊನೆಗಾಲದಲ್ಲಿ. ಅವರು ಅದರಲ್ಲಿ ಎರಡೋ ಮೂರೋ ಸಲ ಹಾಡಿದ್ದರೇನೋ, ಅಷ್ಟೆ.

ಪೆಟ್ಟಿಗೆಯ ಹಿಂಬದಿಯಲ್ಲಿ ಇನ್ನೊಂದು ಗುಂಡಿ ಇತ್ತು, ಕೇಬಲ್ಲಿನೊಳಗೇ ಮೈಕಿಗೆ ವಿದ್ಯುತ್ತು ಕಳಿಸುವ ಫ್ಯಾಂಟಮ್ ಪವರಿನದು. ಅದರ ಮೇಲೆ ಟೇಪು ಮೂರು ಸುತ್ತು. ಏಕೆಂದರೆ ಅದು ಮಾವನ ಮೈಕನ್ನು ಕೊಂದ ಗುಂಡಿ. ಒಮ್ಮೆ ಯಾರದೋ ಕೈ ತಾಗಿ ಅದು ಒತ್ತಿಹೋಗಿ, ಮಾವನ ಹಳೆಯ ರಿಬ್ಬನ್ ಮೈಕು ಆ ಕ್ಷಣವೇ ಮೂಕವಾಗಿತ್ತು. ಆ ಮೈಕು ಈಗ ನಡುಮನೆಯ ಗಾಜಿನ ಕಪಾಟಿನಲ್ಲಿ, ಮಾವನ ಫೋಟೊ ಪಕ್ಕದಲ್ಲಿ, ತನ್ನ ಕೇಬಲ್ಲಿನ ಸಮೇತ ಕೂತಿತ್ತು.

ಅವಳ ಕುತ್ತಿಗೆಯಲ್ಲಿ ಗಂಟು ಕಾಣಿಸಿಕೊಂಡದ್ದು ಕನ್ನಡಿಯ ಮುಂದೆ ಅಲ್ಲ, ಹಾಡುವಾಗ. ಮೇಲಿನ ಸ್ವರಕ್ಕೆ ಹೋದರೆ ಏನೋ ಅಡ್ಡ ಬಂದಂತೆ. ಥೈರಾಯ್ಡ್ ಗ್ರಂಥಿಯ ಅರ್ಧ ತೆಗೆದರು. ಗಂಟು ಕ್ಯಾನ್ಸರಿನದಲ್ಲ ಎಂದು ತಿಳಿದು ಮನೆಯವರೆಲ್ಲ ಉಸಿರು ಬಿಟ್ಟರು. ಆದರೆ ಎಚ್ಚರವಾದ ಮೇಲೆ ಅವಳು ನೀರು ಕೇಳಿದಾಗ ಬಾಯಿಂದ ಬಂದದ್ದು ಗಾಳಿ. ಗಂಟಲಿನ ಎರಡು ಸ್ವರತಂತುಗಳಲ್ಲಿ ಒಂದಕ್ಕೆ ಹೋಗುವ ನರ ಸೋತಿತ್ತು. ಒಂದು ಬಂದು ಮುಟ್ಟುತ್ತದೆ, ಇನ್ನೊಂದು ಸರಿಯಾಗಿ ಎದ್ದು ಬರುವುದಿಲ್ಲ. ನಡುವಿನ ಸಂದಿಯಲ್ಲಿ ಗಾಳಿ ಸೋರುತ್ತದೆ. "ವರ್ಷದಲ್ಲಿ ಸರಿಹೋಗಬಹುದು, ಹೋಗದೇ ಇರಬಹುದು. ಹಾಡೋದು ಕಷ್ಟ" ಎಂದರು ಡಾಕ್ಟರು.

"ಕಷ್ಟ ಅಂದ್ರಲ್ಲ, ಆಗಲ್ಲ ಅನ್ನಲಿಲ್ಲವಲ್ಲ" ಎಂದು ಅವಳು ಗಾಳಿಯಲ್ಲೇ ಹೇಳಿದಳು.

ಮೂರು ತಿಂಗಳ ಮೇಲೆ ಮಾತು ಗಟ್ಟಿಯಾಯಿತು. ಹಾಡೂ ಬಂತು, ಆದರೆ ಬೇರೆಯಾಗಿ. ಸದ್ದು ಸಣ್ಣದು, ಒರಟು. ಮೇಲಿನ ಸ್ವರಗಳು ಮನೆ ಬಿಟ್ಟು ಹೋಗಿದ್ದವು. ಕೆಳಗೆ ಮಾತ್ರ ಮೊದಲು ಇಲ್ಲದಿದ್ದ ಒಂದು ಮರಳಿನಂಥ ಹಿಡಿತ ಬಂದಿತ್ತು.

ಟೈರಿನ ಅಂಗಡಿಯ ಮಹಡಿಯಲ್ಲಿ ಅಭ್ಯಾಸ. ರಬ್ಬರಿನ ವಾಸನೆಯ ನಡುವೆ ಅವಳು ಎರಡು ಸಾಲು ಹಾಡಿದಳು. ಮೈದುನ ತನ್ನ ಟೇಪನ್ನು ತಾನೇ ಕಿತ್ತು, ರಿವರ್ಬ್ ಅರ್ಧಕ್ಕೆ ಏರಿಸಿದ. ಸಾಲದೆನಿಸಿ ಮುಕ್ಕಾಲಿಗೆ. ಆಮೇಲೆ ಕೋರಸ್. ಅದರ ಮೇಲೆ ಡಿಲೇ. ಎಫೆಕ್ಟು ಇದ್ದುದನ್ನು ಹರಡಬಲ್ಲದು, ಇಲ್ಲದ್ದನ್ನು ತರಲಾರದು. ಅವಳ ದನಿಯಲ್ಲಿ ಸೋರುತ್ತಿದ್ದ ಗಾಳಿಯೇ ನಾಲ್ಕು ಪಟ್ಟಾಗಿ ಕೋಣೆ ತುಂಬಿತು. ಒಂದು ಪದ ಮುಗಿಯುವ ಮುನ್ನ ಹಿಂದಿನ ಪದ ಬಂದು ಅದರ ಮೇಲೆ ಬಿತ್ತು.

"ಹೇಗಿದೆ?" ಎಂದು ಮೈದುನ ಅಣ್ಣನನ್ನು ಕೇಳಿದ.

ಗಂಡ ಡ್ರಮ್ಮಿನ ಕೋಲು ಕಿವಿಯ ಹಿಂದೆ ಸಿಕ್ಕಿಸಿಕೊಂಡು ಯೋಚಿಸಿದ. "ಬಾವಿಗೆ ಬಿದ್ದೋರು ಕೂಗ್ತಿದಾರೆ. ಇಳಿದು ಎತ್ತೋಣ ಅನ್ನಿಸ್ತಿದೆ."

"ತಮಾಷೆ ಬೇಡ ಅಣ್ಣ."

"ತಮಾಷೆ ಎಲ್ಲಿ ಬಂತು? ಹೆಂಡ್ತಿ ಕಣೋ ಬಾವಿಲಿರೋದು!"

ಮೈಕಿನ ಸದ್ದು ಏರಿಸಿದರು. ಏರಿಸಿದ ಕೂಡಲೇ ಪೆಟ್ಟಿಗೆ ಕುಂಯ್ಯೆಂದು ಊಳಿಟ್ಟಿತು. ಇಳಿಸಿದರೆ ಡ್ರಮ್ಮಿನಡಿ ಅವಳು ಕಾಣೆ. ಹೀಗೇ ಕೆಲವು ವಾರ ಹಗ್ಗಜಗ್ಗಾಟ ನಡೆಯಿತು. ಒಂದು ಭಾನುವಾರ ಮೈದುನ ಲ್ಯಾಪ್‌ಟಾಪು ತಂದು ಪೆಟ್ಟಿಗೆಗೆ ಜೋಡಿಸಿದ. ಒಂದು ಗುಂಡಿ ಒತ್ತಿದ. ಅವಳದೇ ಹಳೆಯ ದನಿ ಕೋಣೆಯೊಳಕ್ಕೆ ನಡೆದು ಬಂತು. ಕ್ಲಬ್ಬಿನಲ್ಲಿ ಯಾವುದೋ ಸಂಜೆ ದಾಖಲಾದದ್ದು. ತುಂಬಿದ, ನುಣುಪಾದ, ಮೇಲಕ್ಕೆ ಹೋಗಿ ಅಲ್ಲೇ ಕಾಲು ಚಾಚಿ ಕೂರಬಲ್ಲ ದನಿ.

ಅವಳಿಗೆ ಅಳು ಬರಲಿಲ್ಲ. ಹೊಟ್ಟೆಕಿಚ್ಚಾಯಿತು. ಎಷ್ಟು ಸಲೀಸಾಗಿ ಹಾಡ್ತಾಳೆ ನೋಡು ಇವಳು, ಎನ್ನಿಸಿತು.

"ಅತ್ತಿಗೆ, ನೀವು ಗಿಟಾರು ಹಿಡ್ಕೊಂಡು ನಿಂತ್ಕೊಳ್ಳಿ. ತುಟಿ ಆಡಿಸಿ. ಸಾಕು. ಯಾರಿಗೂ ಗೊತ್ತಾಗಲ್ಲ."

"ನನಗೆ ಗೊತ್ತಾಗತ್ತೆ."

"ಕ್ಲಬ್ಬಿನ ಕಾರ್ಯದರ್ಶಿ ಬೇರೆ ಗೋಷ್ಠಿ ನೋಡ್ತಿದಾನಂತೆ. ಈ ತಿಂಗಳು ಸರಿಯಾಗ್ಲಿಲ್ಲ ಅಂದ್ರೆ ಅಪ್ಪ ಕಟ್ಟಿದ್ದು ಮುಗೀತು."

"ಮುಗಿದ್ರೆ ಮುಗೀಲಿ. ಸತ್ತೋರ ಹಾಡು ಹಾಕ್ತಾರಪ್ಪ, ನಾನು ಎದುರಿಗೇ ಕೂತಿದೀನಿ. ನನ್ನ ದನಿ ಮುಂದೆ ನಾನೇ ಮೀನಿನ ಹಾಗೆ ಬಾಯಿ ಬಿಡ್ಲಾ?"

ಮೈದುನ ಲ್ಯಾಪ್‌ಟಾಪು ಮುಚ್ಚಿದ. ಅವನ ಮುಖ ಸಣ್ಣದಾಗಿತ್ತು. "ಜನ ನಿಮ್ಮನ್ನ ನೋಡಿ ಅಯ್ಯೋ ಅನ್ನೋದು ನನ್ನ ಕೈಲಿ ನೋಡಕ್ಕಾಗಲ್ಲ ಅತ್ತಿಗೆ."

ಅದು ನಿಜವಾದ ಮಾತು. ಅವಳಿಗೂ ಗೊತ್ತಿತ್ತು. ಆಸ್ಪತ್ರೆಯಲ್ಲಿ ರಾತ್ರಿಯಿಡೀ ಕುರ್ಚಿಯಲ್ಲಿ ಕೂತವನು ಅವನೇ. ಆದರೂ ಅವಳು ಮಣಿಯಲಿಲ್ಲ. "ಅಯ್ಯೋ ಅಂದ್ರೆ ಅನ್ಲಿ. ಅದು ನನಗೆ ಬರೋ ಅಯ್ಯೋ, ನಾನು ಇಸ್ಕೋತೀನಿ. ನೀನ್ಯಾಕೆ ಅಡ್ಡ ನಿಲ್ತೀಯ?"

ಶಾಲೆಯಲ್ಲಿ ಅವಳ ಪಕ್ಕದ ಬೆಂಚಿನವಳಿಗೆ ಫ್ಯೂಸ್ ಎಂದು ಹೆಸರು. ಪ್ರಯೋಗಾಲಯದ ಸಾಕೆಟ್ಟಿಗೆ ಕೈವಾರದ ಮೊನೆ ಇಟ್ಟು ಇಡೀ ಶಾಲೆಯನ್ನು ಕತ್ತಲು ಮಾಡಿದ ಕೀರ್ತಿ ಅವಳದು. ಈಗ ಅದೇ ಫ್ಯೂಸ್ ಪೇಟೆಯ ಒಂದು ಮೆಟ್ಟಿಲ ಕೆಳಗಿನ ಅಂಗಡಿಯಲ್ಲಿ ಆಂಪ್ಲಿಫಯರು, ಸ್ಪೀಕರು ರಿಪೇರಿ ಮಾಡುತ್ತಿದ್ದಳು. ಅತ್ತಿಗೆ ಅಲ್ಲಿಗೆ ಹೋಗಿ ಎಲ್ಲವನ್ನೂ ಹೇಳಿದಳು. ಫ್ಯೂಸ್ ಬೆಸುಗೆಯ ಕಡ್ಡಿಯಿಂದ ಕಣ್ಣೆತ್ತದೆ ಕೇಳಿದಳು.

"ಹಾಡು."

"ಇಲ್ಲೇನಾ?"

"ಇಲ್ಲದೆ ನಿಂಗೇನು ಸಭಾಂಗಣ ಕಟ್ಟಿಸ್ಲಾ? ಹಾಡೇ."

ಅತ್ತಿಗೆ ಹಾಡಿದಳು. ಹೊರಗೆ ಆಟೋಗಳ ಸದ್ದು. ಫ್ಯೂಸ್ ಕಡ್ಡಿಯನ್ನು ಸ್ಟ್ಯಾಂಡಿಗಿಟ್ಟು, ಹತ್ತಿರ ಬಂದು, ಅವಳ ಬಾಯಿಂದ ಒಂದು ಗೇಣು ದೂರದಲ್ಲಿ ಕಿವಿ ಹಿಡಿದು ನಿಂತಳು. ಹಾಡು ಮುಗಿದ ಮೇಲೆ ಹೇಳಿದಳು: "ದನಿ ಇದೆ ಕಣೇ. ಸದ್ದಿಲ್ಲ. ಎರಡೂ ಬೇರೆ ಬೇರೆ."

ಮೇಲಿನ ಅಟ್ಟದಿಂದ ಒಂದು ಪೆಟ್ಟಿಗೆ ಇಳಿಸಿ, ಪೆನ್ಸಿಲಿನಷ್ಟು ತೆಳ್ಳಗಿನ ಮೈಕೊಂದನ್ನು ತೆಗೆದಳು. "ನಿಮ್ಮ ಟೇಪಣ್ಣನ ಮೈಕಿಗೆ ಕೂಗಿದ್ರೇನೇ ಕೇಳ್ಸೋದು. ಇದು ಕಂಡೆನ್ಸರು. ಉಸಿರೂ ಕೇಳಿಸ್ಕೊಳತ್ತೆ. ಆದ್ರೆ ಇದಕ್ಕೆ ಊಟ ಹಾಕ್ಬೇಕು. ಆಂಪ್ಲಿಫಯರಿಂದ ನಲವತ್ತೆಂಟು ವೋಲ್ಟು ಇದೇ ಕೇಬಲ್ಲಲ್ಲಿ ವಾಪಸ್ ಬರಬೇಕು. ಹಿಂದ್ಗಡೆ ಫ್ಯಾಂಟಮ್ ಗುಂಡಿ ಇದೆಯಲ್ಲ, ಅದೇ."

"ಅದು ಮಾವನ ಮೈಕು ಸುಟ್ಟ ಗುಂಡಿ."

"ಯಾವ ಮೈಕು?"

"ರಿಬ್ಬನ್ನು."

ಫ್ಯೂಸ್ ನಕ್ಕಳು. ಬೆಂಚಿನ ಮೇಲೆ ಸೀಮೆಸುಣ್ಣದಿಂದ ಎರಡು ಗೆರೆ ಎಳೆದಳು. "ನೋಡು. ಎರಡು ತಂತಿ. ಎರಡರಲ್ಲೂ ಅದೇ ನಲವತ್ತೆಂಟು. ಮಧ್ಯೆ ನಿಮ್ಮಾವನ ರಿಬ್ಬನ್ನು, ಗಾಳಿಗೆ ಅಲ್ಲಾಡೋ ಹಾಳೆ. ಎರಡೂ ಕಡೆ ಒಂದೇ ಒತ್ತಡ ಇದ್ರೆ ಅದರೊಳಗೆ ಏನೂ ಹರಿಯಲ್ಲ, ಅದು ಆರಾಮಾಗಿರತ್ತೆ. ಈಗ ಒಂದು ತಂತಿ ಮಾತ್ರ ಮೇಲಿನ ಕವಚಕ್ಕೆ ತಾಗಿದೆ ಅಂದ್ಕೋ. ಆ ಕಡೆ ಒತ್ತಡ ಸೊನ್ನೆ. ಎಲ್ಲಾ ರಿಬ್ಬನ್ ಮೇಲೇ ನುಗ್ಗತ್ತೆ, ಹರಿದುಹೋಗತ್ತೆ. ಆ ಕೇಬಲ್ ಇದೆಯಾ?"

"ಕಪಾಟಲ್ಲಿದೆ. ವಾರಕ್ಕೊಂದ್ಸಲ ಧೂಳು ಒರೆಸ್ತಾರೆ."

ಮರುದಿನ ಅವಳು ಅದನ್ನು ಕೈಚೀಲದಲ್ಲಿ ತಂದಳು. ಫ್ಯೂಸ್ ಪ್ಲಗ್ಗಿನ ಮೇಲಿನ ಟೇಪು ಬಿಚ್ಚತೊಡಗಿದಳು. ಬಿಚ್ಚಿದಷ್ಟೂ ಇತ್ತು. ಕೊನೆಗೆ ತಿರುಪು ತೆಗೆದು ಭೂತಗನ್ನಡಿಯಡಿ ಹಿಡಿದಳು. ತಂತಿಯ ಒಂದು ಎಳೆ, ಬೆಸುಗೆಯ ಉಂಡೆಯಿಂದ ತಪ್ಪಿಸಿಕೊಂಡು, ಕವಚದ ಮೇಲೆ ತಲೆಯಿಟ್ಟು ಮಲಗಿತ್ತು. ಆ ಟೇಪು ಯಾರ ಕೈಯದೆಂದು ಅತ್ತಿಗೆಗೆ ಯಾರೂ ಹೇಳಬೇಕಿರಲಿಲ್ಲ.

ಫ್ಯೂಸ್ ಹೊಸ ಮೈಕನ್ನು ಕೈಗಿಟ್ಟು ಎಚ್ಚರಿಸಿದಳು. "ಒತ್ತೋ ಮುಂಚೆ ಸದ್ದಿನ ಗುಂಡಿ ಸೊನ್ನೆಗೆ. ಒತ್ತಿದ ಮೇಲೆ ಸ್ವಲ್ಪ ಕಾಯಿ, ಆಮೇಲೆ ಏರಿಸು. ಇನ್ನೊಂದು ವಿಷಯ. ಇದು ನಿನ್ನೊಬ್ಬಳನ್ನೇ ಕೇಳಲ್ಲ, ಎಲ್ಲಾ ಕೇಳತ್ತೆ. ಅವರಿಬ್ರೂ ಈಗಿನ ಹಾಗೆ ಬಾರಿಸಿದ್ರೆ ಮತ್ತೆ ಊಳಿಡತ್ತೆ. ಅರ್ಧಕ್ಕೆ ಇಳಿಸ್ಬೇಕು. ಇಳಿಸ್ತಾರಾ?"

"ಇಳಿಸ್ತಾರೆ."

"ಕೇಳಿದೀಯಾ?"

"ಇಲ್ಲ."

ಕ್ಲಬ್ಬಿನ ಹಜಾರ ಉದ್ದನೆಯದು. ತಗಡಿನ ಮಾಡು, ಮಡಚುವ ಕುರ್ಚಿಗಳು, ಹಿಂದೆ ತಿಂಡಿಯ ಕೌಂಟರು. ಗೋಡೆಗೆ ಕಾರ್ಖಾನೆಯ ಹಳೆಯ ಬಾಟಲಿ ಮಾದರಿಗಳ ಸಾಲು. ಡ್ರಮ್ಮು ಜೋರಾದಾಗ ಅವು ಒಂದಕ್ಕೊಂದು ತಾಗಿ ಕಿಣಿಗುಟ್ಟುತ್ತಿದ್ದವು. ತಿಂಗಳ ಕೊನೆಯ ಶನಿವಾರ ಸಂಜೆ. ಮೈದುನ ಬೇಗ ಬಂದು ಎಲ್ಲವನ್ನೂ ಜೋಡಿಸಿದ್ದ. ಕೀಬೋರ್ಡಿನ ಪಕ್ಕ ಲ್ಯಾಪ್‌ಟಾಪು ತೆರೆದಿತ್ತು.

"ಅದ್ಯಾಕೆ?" ಎಂದಳು ಅತ್ತಿಗೆ.

"ಸುಮ್ನೆ ಇರ್ಲಿ ಅಂತ."

ಅವಳು ಪೆಟ್ಟಿಗೆಯನ್ನು ವೇದಿಕೆಯ ಅಂಚಿಗೆ, ತನಗಿಂತ ಮುಂದಕ್ಕೆ, ಮುಖ ಜನರ ಕಡೆಗೆ ತಿರುಗಿಸಿಟ್ಟಳು. ಹಳೆಯ ಮೈಕು ಕಳಚಿ ಪಕ್ಕಕ್ಕಿಟ್ಟು ಹೊಸದನ್ನು ಸಿಕ್ಕಿಸಿದಳು. ಆಮೇಲೆ ಪೆಟ್ಟಿಗೆಯ ಹಿಂದೆ ಕುಕ್ಕರಗಾಲಲ್ಲಿ ಕೂತು ಉಗುರಿನಿಂದ ಟೇಪು ಎಬ್ಬಿಸತೊಡಗಿದಳು.

ಮೈದುನ ಓಡಿ ಬಂದ. "ಅತ್ತಿಗೆ! ಏನ್ಮಾಡ್ತಿದೀರಾ? ಅದು ಅಪ್ಪನ ಮೈಕು ಕೊಂದ ಗುಂಡಿ!"

"ಗುಂಡಿ ಕೊಲ್ಲಲಿಲ್ಲ. ಕೇಬಲ್ಲು ಕೊಂದದ್ದು. ಪ್ಲಗ್ಗು ಬಿಚ್ಚಿಸಿ ನೋಡಿದೀನಿ. ಒಂದು ಎಳೆ ಕವಚಕ್ಕೆ ತಾಗಿತ್ತು. ಬೆಸುಗೆ ಯಾರದು?"

ಮೈದುನ ಅಣ್ಣನ ಕಡೆ ನೋಡಿದ. ಅಣ್ಣ ಡ್ರಮ್ಮಿನ ತಿರುಪೊಂದನ್ನು ಬಹಳ ಶ್ರದ್ಧೆಯಿಂದ ಪರೀಕ್ಷಿಸುತ್ತಿದ್ದ.

"ಆಗ ನಂಗೆ ಹದಿನೇಳು ವರ್ಷ" ಎಂದ ಮೈದುನ, ಕೊನೆಗೆ.

"ಗೊತ್ತು. ಬೈತಿಲ್ಲ. ಜಾಗ ಬಿಡು."

ಅವನು ಜಾಗ ಬಿಡಲಿಲ್ಲ. ಅವಳು ಅವನ ಪಕ್ಕದಿಂದಲೇ ಕೈ ಚಾಚಿ ಗುಂಡಿ ಒತ್ತಿದಳು. ಧಡ್! ಹಜಾರವೇ ಎಗರಿ ಬಿತ್ತು. ಕೌಂಟರಿನಲ್ಲಿ ಯಾರದೋ ಕೈಯಿಂದ ಲೋಟ ಜಾರಿತು. ಗೋಡೆಯ ಬಾಟಲಿಗಳೆಲ್ಲ ಒಟ್ಟಿಗೆ ಕಿಣಿಗುಟ್ಟಿದವು. ಜಗಳದ ಬಿಸಿಯಲ್ಲಿ ಅವಳು ಸದ್ದು ಸೊನ್ನೆಗೆ ಇಳಿಸುವುದನ್ನೇ ಮರೆತಿದ್ದಳು.

"ನೋಡಿದ್ರಾ!" ಮೈದುನನ ಮುಖದಲ್ಲಿ ಹೋದ ಜೀವ ಬಂತು.

ಅವಳು ಸದ್ದಿನ ಗುಂಡಿ ಸೊನ್ನೆಗೆ ಇಳಿಸಿದಳು, ಕಾದಳು, ಮೆಲ್ಲಗೆ ಏರಿಸಿದಳು. ಮೈಕಿನ ಮುಂದೆ ಎರಡು ಬೆರಳು ಒಂದಕ್ಕೊಂದು ಉಜ್ಜಿದಳು. ಹಜಾರದ ಕೊನೆಯವರೆಗೂ ಬೆರಳು ಉಜ್ಜಿದ ಸದ್ದು ಕೇಳಿಸಿತು. "ಅದು ನನ್ನ ತಪ್ಪು" ಎಂದಳು ಮೈದುನನಿಗೆ. "ಗುಂಡಿದಲ್ಲ." ಆಮೇಲೆ ಮೈಕಿನ ದಾರಿಯ ಎಫೆಕ್ಟಿನ ಗುಂಡಿಗೆ ಮೈದುನ ಮತ್ತೆ ಅಂಟಿಸಿದ್ದ ಟೇಪನ್ನೂ ಕಿತ್ತು, ಅದನ್ನು ಎಡಕ್ಕೆ, ಇನ್ನು ತಿರುಗದೆನ್ನುವವರೆಗೆ, ತಿರುಗಿಸಿದಳು. ರಿವರ್ಬ್ ಇಲ್ಲ. ಕೋರಸ್ ಇಲ್ಲ. ಏನೂ ಇಲ್ಲ.

"ಇವತ್ತು ನೀವಿಬ್ರೂ ಅರ್ಧ ಸದ್ದಲ್ಲಿ ಬಾರಿಸ್ಬೇಕು. ಇಲ್ಲಾಂದ್ರೆ ಇದು ಊಳಿಡತ್ತೆ."

ಗಂಡ ಕೋಲುಗಳನ್ನು ಕೆಳಗಿಟ್ಟು ತಂತಿಯ ಬ್ರಶ್ಶುಗಳನ್ನು ತೆಗೆದುಕೊಂಡ. "ನಂಗೇನಪ್ಪ, ಮನೇಲೂ ಅರ್ಧ ಸದ್ದೇ."

ಮೈದುನ ಕೀಬೋರ್ಡಿನ ಹಿಂದೆ ಹೋಗಿ ಕೂತು, ತುಟಿಯೊಳಗೇ ಗೊಣಗಿದ. ಆ ಗೊಣಗಾಟ ಹಜಾರದ ಹಿಂದಿನ ಗೋಡೆಗೆ ಹೋಗಿ ಬಡಿಯಿತು: "ಅಪ್ಪನ ಮಾನ ಕಳೆಯೋಕೇ ಹೊರಟಿದಾರೆ."

ಒಂದು ಕ್ಷಣ ಯಾರಿಗೂ ತಿಳಿಯಲಿಲ್ಲ. ಆಮೇಲೆ ಮುಂದಿನ ಸಾಲಿನವರು ಕಿಸಕ್ಕೆಂದರು. ಮೈದುನ ತನ್ನ ಬಾಯಿಯನ್ನು ತಾನೇ ಅಪನಂಬಿಕೆಯಿಂದ ಮುಟ್ಟಿಕೊಂಡ.

"ಕೇಳಿಸ್ತು ಮೈದುನರೇ" ಎಂದಳು ಅತ್ತಿಗೆ ಮೈಕಿಗೆ. "ಇನ್ನೂ ಏನಾದ್ರೂ ಇದ್ರೆ ಅಲ್ಲಿಂದ್ಲೇ ಹೇಳಿ. ಎಲ್ಲಾ ಬರತ್ತೆ."

ಹಜಾರ ನಕ್ಕಿತು. ಆ ನಗು ಇನ್ನೂ ಇಳಿಯುವ ಮುನ್ನ ಅವಳು ಹಾಡು ಎತ್ತಿದಳು.

ಮೊದಲ ಸಾಲು ಬಂತು. ಉಸಿರು ಬಂತು, ಉಸಿರಿನ ಜೊತೆ ಮರಳು ಬಂತು. ನಾಲಿಗೆ ಹಲ್ಲಿಗೆ ತಾಗಿದ್ದು, ತುಟಿ ಬಿಟ್ಟದ್ದು, ಎಲ್ಲವೂ ಅಲ್ಲೇ, ಕಿವಿಯ ಪಕ್ಕದಲ್ಲೇ ನಡೆದಂತೆ. ಅಡಗಲು ರಿವರ್ಬಿನ ಹಜಾರವಿಲ್ಲ, ಡಿಲೇಯ ಬಾಲವಿಲ್ಲ. ಎರಡನೇ ಸಾಲಿನ ಕೊನೆಗೆ ಸ್ವರ ಒಡೆಯಿತು. ಮೊದಲಿನ ದಿನಗಳಾಗಿದ್ದರೆ ಆ ಒಡಕು ರಿವರ್ಬಿನ ಮಂಜಿನಲ್ಲಿ ಮುಚ್ಚಿಹೋಗುತ್ತಿತ್ತು. ಈಗ ಅದು ಎಲ್ಲರ ಮುಂದೆ ನಿಂತಿತು. ಅವಳು ಕಣ್ಣು ಮುಚ್ಚಲಿಲ್ಲ, ತಪ್ಪಾಯಿತೆಂಬಂತೆ ನಗಲೂ ಇಲ್ಲ. ಒಡೆದಲ್ಲೇ ಉಸಿರು ತೆಗೆದುಕೊಂಡು ಮುಂದಿನ ಪದಕ್ಕೆ ಹೋದಳು.

ಹಿಂದೆ ಕೆಲವರು ಎದ್ದು ಕೌಂಟರಿನ ಕಡೆ ನಡೆದರು. ಒಬ್ಬ ಹೆಂಗಸು ಪಕ್ಕದವಳಿಗೆ "ಪಾಪ" ಎಂದದ್ದು ಮುಂದಿನ ಸಾಲಿನಿಂದ ಸ್ಪಷ್ಟವಾಗಿ ಮೈಕಿಗೆ ಬಿತ್ತು. ಮೈದುನ ಹೆದರುತ್ತಿದ್ದ ಆ ಅಯ್ಯೋ, ಬಂದೇ ಬಂತು. ಅತ್ತಿಗೆ ಅದನ್ನು ಕೇಳಿಸಿಕೊಂಡಳು. ಏನೂ ಆಗಲಿಲ್ಲ. ಕಲ್ಲಿಗೆ ಗಾಜು ಹಿಡಿದಾಗಿನ ಹಾಗೆ ಕೈ ಸ್ವಲ್ಪ ಬಿಗಿಯಾಯಿತು, ಅಷ್ಟೆ.

ಹಾಡು ಮುಗಿದಾಗ ಚಪ್ಪಾಳೆ ಅಲ್ಲೊಂದು ಇಲ್ಲೊಂದು. ನಡುವಿನಿಂದ ಒಬ್ಬ ಕೂಗಿದ, "ಅತ್ತಿಗೆ, ಹಳೇ ದನಿ ಹಾಕ್ರಿ!"

"ಹಳೇದು ಆ ಲ್ಯಾಪ್‌ಟಾಪಲ್ಲಿದೆ" ಎಂದಳು ಅವಳು. "ಬೇಕಾದವರು ಮೈದುನರ ಅಂಗಡಿಗೆ ಹೋಗಿ ಕೇಳ್ಕೊಂಡು ಬನ್ನಿ. ಟೈರಿಗೆ ಗಾಳಿನೂ ಹಾಕಿಸ್ಕೊಳ್ಳಿ. ಇಲ್ಲಿ ಇವತ್ತು ಇದೇ."

ಈ ಸಲ ನಗು ಹಿಂದಿನ ಕುರ್ಚಿಗಳವರೆಗೂ ಹೋಯಿತು. ಇನ್ನೆರಡು ಹಾಡು ಹಾಡಿದಳು. ಗಂಡನ ಬ್ರಶ್ಶು ಎಲೆಯ ಮೇಲೆ ಎಲೆ ಉಜ್ಜಿದಷ್ಟು ಮೆಲ್ಲಗೆ ನಡೆಯಿತು. ಗೋಡೆಯ ಬಾಟಲಿಗಳು ಕಿಣಿಗುಟ್ಟಲಿಲ್ಲ. ಯಾರೂ ಹೇಳದಿದ್ದರೂ ಮಾತಾಡುತ್ತಿದ್ದವರು ಮಾತು ತಗ್ಗಿಸಿದರು. ಏಕೆಂದರೆ ಈ ದನಿ ಅವರ ಮಾತಿನ ಮೇಲೆ ಹತ್ತಿ ಬರುವಂಥದಲ್ಲ, ಕೇಳಬೇಕಾದರೆ ತಾವೇ ಸುಮ್ಮನಾಗಬೇಕಿತ್ತು. ಕೆಲವರು ಸುಮ್ಮನಾಗಲಿಲ್ಲ. ಅವರೂ ಇದ್ದರು.

ವಿರಾಮದಲ್ಲಿ ಕಾರ್ಯದರ್ಶಿ ವೇದಿಕೆಯ ಪಕ್ಕಕ್ಕೆ ಬಂದ. ಒಳ್ಳೆಯ ಮನುಷ್ಯ, ಯಾರಿಗೂ ನೋವಾಗಬಾರದೆಂದು ಪ್ರತಿ ಮಾತನ್ನೂ ಹತ್ತಿಯಲ್ಲಿ ಸುತ್ತಿ ಕೊಡುವವನು. "ಚೆನ್ನಾಗಿತ್ತು, ಅತ್ತಿಗೆ. ಅಂದ್ರೆ, ಬೇರೆ ಥರ. ಅರ್ಧ ಜನಕ್ಕೆ ಹಿಡಿಸ್ತು, ಅರ್ಧ ಜನಕ್ಕೆ... ಹಳೇದೇ ಅಭ್ಯಾಸ ನೋಡಿ. ಎರಡನೇ ಭಾಗಕ್ಕೆ ಆ ರೆಕಾರ್ಡಿಂಗ್ ಹಾಕಿದ್ರೆ ನಿಮಗೂ ಸುಸ್ತಾಗಲ್ಲ, ಅವರಿಗೂ ಖುಷಿ."

ಮೈದುನ ಲ್ಯಾಪ್‌ಟಾಪಿನ ಪಕ್ಕವೇ ನಿಂತಿದ್ದ. ಅವನ ಬೆರಳು ಅದರ ಮುಚ್ಚಳದ ಮೇಲಿತ್ತು.

"ಹಾಕ್ಬೋದು" ಎಂದಳು ಅತ್ತಿಗೆ. "ಹಾಕಿದ್ರೆ ನಾನು ಕೆಳಗೆ ಬಂದು ಮುಂದಿನ ಸಾಲಲ್ಲಿ ಕೂತು ಹಾಡು ಮುಗಿಯೋವರ್ಗೂ ಮಾತಾಡ್ತಾ ಇರ್ತೀನಿ. ಈ ಮೈಕು ಎಷ್ಟು ದೂರದ ಮಾತು ಹಿಡಿಯತ್ತೆ ಅಂತ ಈಗ ತಾನೆ ನೋಡಿದೀರಲ್ಲ."

"ಹಾಗಲ್ಲ ಅತ್ತಿಗೆ..."

"ಹಾಗೇ. ಮುಂದಿನ ತಿಂಗಳು ಬೇರೆ ಗೋಷ್ಠಿ ಕರೀಬೇಕು ಅನ್ನಿಸಿದ್ರೆ ಕರೀರಿ, ನಂಗೆ ಬೇಜಾರಿಲ್ಲ. ನಾವೇ ಇರೋದಾದ್ರೆ ಹಾಡೋದು ನಾನೇ. ಈಗ ಇರೋ ನಾನು."

ಕಾರ್ಯದರ್ಶಿ ಸಹಾಯಕ್ಕಾಗಿ ಮೈದುನನ ಕಡೆ ತಿರುಗಿದ. ಮೈದುನ, "ನನ್ನನ್ನ ಯಾಕೆ ನೋಡ್ತೀರಾ? ನಾನು ಏನಂದ್ರೂ ಊರಿಗೆಲ್ಲ ಕೇಳ್ಸತ್ತೆ" ಎಂದು ಲ್ಯಾಪ್‌ಟಾಪನ್ನು ಮುಚ್ಚಿದ. ಅದು ಒಪ್ಪಿಗೆಯೋ ಸಿಟ್ಟೋ ಅವನಿಗೇ ತಿಳಿದಿರಲಿಕ್ಕಿಲ್ಲ.

ಅವಳು ಮತ್ತೆ ಮೈಕಿನ ಮುಂದೆ ನಿಂತಳು. ಮುಂದಿನದು ಎಲ್ಲರೂ ಬಲ್ಲ ಹಾಡು, ಮಾವನ ಕಾಲದಿಂದ ಅದೇ ಎತ್ತರದ ಶ್ರುತಿಯಲ್ಲಿ ಹಾಡುತ್ತ ಬಂದದ್ದು. ಮೈದುನ ರೂಢಿಯಂತೆ ಆ ಶ್ರುತಿಯ ಕೀಲಿಯ ಮೇಲೆ ಬೆರಳಿಟ್ಟು ಅವಳ ಸನ್ನೆಗೆ ಕಾಯುತ್ತಿದ್ದ. ಅವಳು ಸನ್ನೆ ಕೊಡಲಿಲ್ಲ. ಗಿಟಾರಿನ ತಂತಿಯ ಮೇಲೆ ಎಡಗೈಯನ್ನು ತಗ್ಗಿನ ಶ್ರುತಿಗೆ ಜಾರಿಸಿ, ತನ್ನ ಗಂಟಲು ಎಲ್ಲಿ ನಿಲ್ಲಬಲ್ಲದೋ ಅಲ್ಲಿಂದ ಶುರು ಮಾಡಿಬಿಟ್ಟಳು. ಹಿಂದೆ ಕೀಬೋರ್ಡು ತಡವರಿಸಿತು, ಒಂದು ತಪ್ಪು ಸ್ವರ ಮುಟ್ಟಿತು, ಇನ್ನೊಂದು ಮುಟ್ಟಿತು. ಗಂಡನ ಬ್ರಶ್ಶು ಅವಳ ನಡೆ ಹಿಡಿದುಕೊಂಡಿತ್ತು. ಮೈದುನ ಅವಳನ್ನು ಹುಡುಕುತ್ತಿದ್ದಾನೆಂದು ಅವಳಿಗೆ ಕೇಳಿಸುತ್ತಿತ್ತು. ಅವಳು ಹಿಂತಿರುಗಿ ನೋಡಲಿಲ್ಲ, ಸಾಲನ್ನು ಎಳೆಯಲಿಲ್ಲ, ಅವನಿಗಾಗಿ ಮೇಲೆ ಹೋಗಲಿಲ್ಲ. ಮೂರನೇ ಸಾಲಿಗೆ ಕೀಬೋರ್ಡು ಕೆಳಗಿಳಿದು ಬಂದು, ಮೆಲ್ಲಗೆ, ಅರ್ಧ ಸದ್ದಿನಲ್ಲಿ, ಅವಳ ಪಕ್ಕದಲ್ಲಿ ನಡೆಯತೊಡಗಿತು.